ಪರರಾಜ್ಯಕಾಲದ ಕಾದಂಬರಿಗಳಲ್ಲಿ ಮತಸಂಘರ್ಷ: ಒಂದು ಪುನರ್ವಿಚಾರ

ಆಂಗ್ಲರ ಆಳ್ವಿಕೆಯ ಕಾಲವನ್ನು ವಸ್ತುವಾಗಿ ಉಳ್ಳ ಕಾದಂಬರಿಗಳ ವಿಮರ್ಶೆಯಲ್ಲಿ ಒಂದು ಮಾತು ಬಹುಕಾಲದಿಂದ ನಡೆದುಬಂದಿದೆ. ಆಳುವವರ ಮತವು ಆಳಿಸಿಕೊಂಡವರ ಮತದ ಮೇಲೆ ಬಿದ್ದಿತು. ಅದರಿಂದ ಸಂಘರ್ಷವು ಹುಟ್ಟಿತು. ಕಾದಂಬರಿಕಾರನು ಅದನ್ನು ಚಿತ್ರಿಸಿದನು ಎಂಬುದೇ ಆ ಮಾತು. ಪಾಠ ಹೇಳುವವರಿಗೆ ಇದು ಅನುಕೂಲವಾದದ್ದು. ಪರೀಕ್ಷೆಯಲ್ಲಿ ಬರೆಯುವವರಿಗೆ ಇನ್ನೂ ಅನುಕೂಲವಾದದ್ದು. ಆದರೆ ಕಾದಂಬರಿಗಳನ್ನು ಒಂದು ಕೈಯಲ್ಲಿಯೂ ಆ ಕಾಲದ ಕಂದಾಯದ ಚರಿತ್ರೆಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ಓದಿದರೆ ಅದು ನಿಲ್ಲುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಸಾಹಿತ್ಯವು ನನ್ನ ಶಾಸ್ತ್ರವಲ್ಲ. ಇತಿಹಾಸದ ಅಧ್ಯಾಪಕನೊಬ್ಬನು ಕಾದಂಬರಿಯ ವಿಷಯದಲ್ಲಿ ಎಷ್ಟು ಮಾತನಾಡಬಹುದೋ ಅಷ್ಟನ್ನು ಮಾತ್ರ ಇಲ್ಲಿ ಆಡಿದ್ದೇನೆ.

ಈ ವಿಚಾರಕ್ಕೆ ಪ್ರೇರಣೆಯಾದದ್ದು ತರಗತಿಯಲ್ಲಿ ನಡೆದ ಒಂದು ವಾದ. ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಓದಿಕೊಂಡು ಬಂದಿದ್ದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬನು, ಪಾದ್ರಿಯು ಬಡವನಿಗೆ ಭೂಮಿಯ ಆಸೆ ತೋರಿಸಿ ಮತದಿಂದ ಎಳೆಯಲು ನೋಡಿದನೆಂದು ಹೇಳಿದನು. ಇನ್ನೊಬ್ಬನು, ಪಂಜುರ್ಲಿಯು ಅಡ್ಡ ನಿಂತು ಚೋಮನನ್ನು ಉಳಿಸಿತೆಂದು ಹೇಳಿದನು. ಇಬ್ಬರೂ ತಮ್ಮತಮ್ಮೊಳಗೆ ವಾದಿಸುತ್ತಿದ್ದರೂ ಇಬ್ಬರ ಮಾತಿನಲ್ಲಿಯೂ ಒಂದೇ ಕೊರತೆಯಿತ್ತು: ಚೋಮನಿಗೆ ಭೂಮಿಯನ್ನು ಕೊಡದೆ ಹೋದವರು ಯಾರು ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ.

ಮೊದಲು 'ಆಳುವವರ ಮತ' ಎಂಬ ಮಾತನ್ನೇ ಸ್ವಲ್ಪ ಶೋಧಿಸಬೇಕು. ಈಸ್ಟ್ ಇಂಡಿಯಾ ಕಂಪನಿಯು ತನ್ನ ಸೀಮೆಯಲ್ಲಿ ಮಿಷನರಿಗಳನ್ನು ಕಂಡು ಬಹುಕಾಲ ಹೆದರುತ್ತಿತ್ತು. 1813ರ ಸನ್ನದಿನ ತರುವಾಯ ಅವರಿಗೆ ಬಾಗಿಲು ಸ್ವಲ್ಪ ತೆರೆಯಿತು. 1833ರ ಸನ್ನದಿನಿಂದ ಪರದೇಶದ ಮಿಷನರಿಗಳಿಗೂ ಎಡೆಯಾಯಿತು. ಮರುವರ್ಷ, 1834ರಲ್ಲಿ, ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರು. ಅವರು ಆಂಗ್ಲರಲ್ಲ, ಸ್ವಿಟ್ಜರ್ಲೆಂಡಿನ ಸಂಸ್ಥೆಯೊಂದು ಕಳುಹಿಸಿದವರು. ಇತ್ತ ಮದರಾಸು ಸರ್ಕಾರವು 1817ರ ನಿಬಂಧನೆಯ ಪ್ರಕಾರ ದೇವಸ್ಥಾನಗಳ ಮೇಲ್ವಿಚಾರಣೆಯನ್ನೇ ತಾನು ವಹಿಸಿಕೊಂಡಿತ್ತು. ಸರ್ಕಾರವು ಗುಡಿಯ ಲೆಕ್ಕವನ್ನು ನೋಡುತ್ತಿದ್ದ ಜಿಲ್ಲೆಗಳಿಗೇ ಬೇರೊಂದು ದೇಶದ ಪಾದ್ರಿಯು ಬಂದು ಬೋಧಿಸುತ್ತಿದ್ದನೆಂದರೆ, ಅಧಿಕಾರವೂ ಮತವೂ ಒಂದೇ ಕೈಯಲ್ಲಿದ್ದುವೆಂದು ಹೇಳುವುದು ಕಷ್ಟ.

ಮಾಸ್ತಿಯವರ 'ಚಿಕವೀರ ರಾಜೇಂದ್ರ'ದಲ್ಲಿ (1956) ಮಾತ್ರ ಇವೆರಡೂ ಸಮೀಪಕ್ಕೆ ಬರುತ್ತವೆ. ಅಲ್ಲಿ 1834ರಲ್ಲಿ ಕೊಡಗು ಕಂಪನಿಯ ವಶವಾದ ವೃತ್ತಾಂತವಿದೆ. ಆ ದೊರೆಯ ಮಗಳು ಗೌರಮ್ಮನು 1852ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯು ಧರ್ಮಮಾತೆಯಾಗಿರಲು ಕ್ರೈಸ್ತದೀಕ್ಷೆ ಪಡೆದದ್ದು ಇತಿಹಾಸ. ಆದರೆ ಅದು ಸಿಂಹಾಸನವನ್ನು ಕಳೆದುಕೊಂಡ ಮನೆತನದ ಮಾತು. ಅಲ್ಲಿ ಮತಾಂತರವು ರಾಜಕಾರ್ಯದ ಒಂದು ಅಂಗ. ಹಳ್ಳಿಯ ಕಥೆ ಬೇರೆ. ಈ ಲೇಖನದಲ್ಲಿ ಹಳ್ಳಿಯ ಕಥೆಗಳನ್ನೇ ಮುಖ್ಯವಾಗಿ ತೆಗೆದುಕೊಂಡಿದೆ.

'ಚೋಮನ ದುಡಿ' ಪ್ರಕಟವಾದದ್ದು 1933ರಲ್ಲಿ. ಭೋಗನಹಳ್ಳಿಯ ಚೋಮನು ಅಸ್ಪೃಶ್ಯನೆನಿಸಿಕೊಂಡ ಜೀತದಾಳು. ಸಂಕಪ್ಪಯ್ಯನು ಅವನ ಧಣಿ. ಚೋಮನ ಬಳಿ ಒಂದು ಜೊತೆ ಎತ್ತುಗಳಿವೆ, ನೇಗಿಲಿದೆ. ಉಳಲು ಅಂಗೈಯಗಲ ನೆಲವಿಲ್ಲ. ಘಟ್ಟದ ಕಾಫಿ ತೋಟದ ಸಾಲವು ಅವನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನುಂಗುತ್ತದೆ. ಚನಿಯನು ಜ್ವರದಲ್ಲಿ ಸಾಯುತ್ತಾನೆ. ಗುರುವನು ಕ್ರೈಸ್ತ ಹುಡುಗಿಯೊಬ್ಬಳ ಸಂಗಡ ಹೋಗಿ ಕ್ರೈಸ್ತನಾಗುತ್ತಾನೆ. ಮಗಳು ಬೆಳ್ಳಿಯು ತೋಟದ ರೈಟರು ಮನ್ವೇಲನ ಕೈಗೆ ಸಿಕ್ಕುತ್ತಾಳೆ. ನೀರಿನಲ್ಲಿ ಮುಳುಗುತ್ತಿದ್ದ ನೀಲನನ್ನು ಮುಟ್ಟಿ ಎತ್ತಲು ಮೇಲುಜಾತಿಯವರ ಕೈ ಮುಂದೆ ಬರುವುದಿಲ್ಲ. ಚೋಮನು ಪಾದ್ರಿಯ ಕಡೆಗೆ ಹೊರಡುವುದು ಈ ಎಲ್ಲವೂ ಆದ ಮೇಲೆ.

ಅವನು ಹೊರಡುವುದಕ್ಕೆ ಬಹಳ ಮೊದಲೇ ಒಂದು ಬಾಗಿಲು ಮುಚ್ಚಿರುತ್ತದೆ. ಅದು ಧಣಿಯ ಮನೆಯ ಬಾಗಿಲು. ಸಂಕಪ್ಪಯ್ಯನ ಮನಸ್ಸು ಒಂದು ಗಳಿಗೆ ಮೆತ್ತಗಾಗುತ್ತದೆ; ಆಳಿಗೆ ಸ್ವಲ್ಪ ನೆಲವನ್ನು ಗೇಣಿಗೆ ಕೊಟ್ಟರೇನೆಂದು ಯೋಚಿಸುತ್ತಾನೆ. ಅವನ ತಾಯಿಯು ಅದನ್ನು ತಡೆಯುತ್ತಾಳೆ. ಹಿಂದಿನಿಂದ ನಡೆದುಬಂದದ್ದನ್ನು ಮುರಿಯಬಾರದೆಂಬುದು ಆಕೆಯ ವಾದ. ಇಡೀ ಕಾದಂಬರಿಯಲ್ಲಿ ನಿಜವಾದ ಮತಸಂಘರ್ಷವು ನಡೆಯುವುದು ಇಲ್ಲಿ, ಒಂದೇ ಮನೆಯ ತಾಯಿಮಕ್ಕಳ ನಡುವೆ. ಇದರಲ್ಲಿ ಆಂಗ್ಲನಿಲ್ಲ, ಪಾದ್ರಿಯಿಲ್ಲ. ಆಕೆಯನ್ನು ದುಷ್ಟಳೆಂದು ಚಿತ್ರಿಸದೆ ಇರುವುದು ಕಾರಂತರ ದೊಡ್ಡತನ; ಆಕೆಗೆ ತಾನು ಮಾಡುತ್ತಿರುವುದು ಧರ್ಮರಕ್ಷಣೆಯೆಂದೇ ನಂಬಿಕೆ.

ಹಾಗಾದರೆ ಆಂಗ್ಲರ ಸರ್ಕಾರಕ್ಕೆ ಈ ಕಥೆಯಲ್ಲಿ ಪಾತ್ರವೇ ಇಲ್ಲವೆ? ಇದೆ, ಮತ್ತು ಅದನ್ನು ತೋರಿಸುವುದು ಇತಿಹಾಸದ ಕೆಲಸ. 1799ರಲ್ಲಿ ಕೆನರಾ ಸೀಮೆ ಕಂಪನಿಗೆ ಸೇರಿದ ಮೇಲೆ ಥಾಮಸ್ ಮನ್ರೋ ಅಲ್ಲಿಯ ಕಲೆಕ್ಟರನಾದನು. ಅಲ್ಲಿ ಕಂದಾಯವನ್ನು ವರ್ಗದಾರರ ಮೇಲೆ ನಿಷ್ಕರ್ಷೆ ಮಾಡಲಾಯಿತು. ವರ್ಗದಾರನ ಕೆಳಗೆ ಮೂಲಗೇಣಿಯವನು, ಚಾಲಗೇಣಿಯವನು. ಅವರೆಲ್ಲರ ಕೆಳಗೆ, ಯಾವ ಗೇಣಿಚೀಟಿಯಲ್ಲಿಯೂ ಹೆಸರಿಲ್ಲದ ಮೂಲದ ಆಳು. 1843ರ ಕಾಯಿದೆಯು ಒಬ್ಬನು ಇನ್ನೊಬ್ಬನ ಗುಲಾಮನೆಂಬ ಹಕ್ಕನ್ನು ನ್ಯಾಯಾಲಯಗಳು ಎತ್ತಿಹಿಡಿಯಕೂಡದೆಂದು ವಿಧಿಸಿತು. 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆಯು ಗುಲಾಮಗಿರಿಯನ್ನು ಅಪರಾಧವೆಂದೇ ಎಣಿಸಿತು. ಕಾಗದದ ಮೇಲೆ ಚೋಮನ ಅಜ್ಜನೇ ಬಿಡುಗಡೆಯಾಗಿದ್ದನು. ಆದರೆ ಕಂದಾಯವು ವರ್ಗದಾರನ ಕೈಯಿಂದ ಬರುತ್ತಿರುವವರೆಗೆ ಅವನ ಅಂಗಳದೊಳಗಿನ ಕಟ್ಟಳೆಯನ್ನು ಕೇಳಲು ಸರ್ಕಾರಕ್ಕೆ ಕಾರಣವಿರಲಿಲ್ಲ. ದಾಸ್ಯದ ಹೆಸರು ಹೋಗಿ ಸಾಲದ ಹೆಸರು ಬಂದಿತು. ಮತ ಬಿಟ್ಟವನ ಆಸ್ತಿಯ ಹಕ್ಕು ಹೋಗಬಾರದೆಂದು 1850ರಲ್ಲಿ ಇನ್ನೊಂದು ಕಾಯಿದೆಯಾಯಿತು. ಆಸ್ತಿಯೇ ಇಲ್ಲದ ಚೋಮನಿಗೆ ಅದರಿಂದ ಆಗಬೇಕಾದದ್ದೇನು?

ಮನ್ವೇಲನ ವಿಷಯದಲ್ಲಿಯೂ ಒಂದು ಮಾತು ಅಗತ್ಯ. ಅವನು ಕ್ರೈಸ್ತನಾದ್ದರಿಂದ ಅವನನ್ನು 'ಆಳುವವರ ಮತದವ'ನೆಂದು ಓದುವ ರೂಢಿಯಿದೆ. ಹೆಸರಿನಿಂದ ನೋಡಿದರೆ ಅವನು ಕರಾವಳಿಯ ಕ್ಯಾಥೋಲಿಕರವನು. ಆ ಜನರು ಗೋವೆಯ ಕಡೆಯಿಂದ ಬಂದು ನೆಲೆಸಿದ್ದು ಆಂಗ್ಲರ ಆಳ್ವಿಕೆಗೆ ಬಹುಕಾಲ ಮೊದಲು. ಬಾಸೆಲ್ ಮಿಷನ್ನಿನಿಂದ ಹೊಸದಾಗಿ ಕ್ರೈಸ್ತರಾದವರ ಚರಿತ್ರೆಯು ಸಂಪೂರ್ಣವಾಗಿ ಬೇರೆ. ಬೆಳ್ಳಿಯ ಮೇಲೆ ಮನ್ವೇಲನಿಗೆ ಬಲವನ್ನು ಕೊಟ್ಟದ್ದು ಅವನ ಶಿಲುಬೆಯಲ್ಲ, ಅವನ ಕಂಕುಳಲ್ಲಿದ್ದ ಸಾಲದ ಪುಸ್ತಕ. ಅದೇ ಪುಸ್ತಕವು ಬೇರೆ ಮತದ ರೈಟರೊಬ್ಬನ ಕೈಯಲ್ಲಿದ್ದಿದ್ದರೆ ಬೆಳ್ಳಿಯ ಗತಿ ಬೇರೆಯಾಗುತ್ತಿತ್ತೆಂದು ನಂಬಲು ಕಾದಂಬರಿಯು ನಮಗೆ ಆಧಾರವನ್ನು ಕೊಡುವುದಿಲ್ಲ.

ಈಗ ಪಂಜುರ್ಲಿಯ ಪ್ರಸಂಗ. ಪಾದ್ರಿಯ ಕಡೆಗೆ ಹೊರಟ ಚೋಮನು ದಾರಿಯಲ್ಲಿ ಭೂತದ ಭಯದಿಂದ ತತ್ತರಿಸಿ ಹಿಂದಿರುಗುತ್ತಾನೆ. ಇದನ್ನು ಸ್ವಧರ್ಮದ ಜಯವೆಂದು ಓದುವವರು ಹಿಂದಿರುಗಿದ ಮೇಲೆ ಅವನು ಏನನ್ನು ಕಂಡನೆಂಬುದನ್ನು ಮರೆಯುತ್ತಾರೆ. ಅವನು ಕಂಡದ್ದು ತನ್ನ ಗುಡಿಸಲಿನಲ್ಲಿ ಮಗಳೊಡನೆ ಮನ್ವೇಲನನ್ನು. ದೈವವು ಅವನನ್ನು ಹಿಂದಕ್ಕೆ ಕಳುಹಿಸಿದ್ದು ಯಾವ ಸುಖಕ್ಕೂ ಅಲ್ಲ. ಮುಂದೆ ಅವನು ನೇಗಿಲನ್ನು ಸುಡುತ್ತಾನೆ, ಎತ್ತುಗಳನ್ನು ಬಿಟ್ಟುಬಿಡುತ್ತಾನೆ, ದುಡಿಯನ್ನು ಬಾರಿಸುತ್ತ ಸಾಯುತ್ತಾನೆ.

ತುಳುನಾಡಿನ ಭೂತಾರಾಧನೆಯನ್ನು ಬಲ್ಲವರಿಗೆ ಇನ್ನೊಂದು ಅರ್ಥವು ತೋರಬಹುದು. ಭೂತಗಳು ನೆಲಕ್ಕೆ ಸೇರಿದ ದೈವಗಳು. ಬೀಡು, ಗುತ್ತು, ಗದ್ದೆ, ಗಡಿಗಳೊಡನೆ ಹೆಣೆದುಕೊಂಡವು. ಪಂಜುರ್ಲಿಯಂತೂ ಬೆಳೆಯನ್ನು ತುಳಿಯುವ ಹಂದಿಯ ರೂಪದ ದೈವ. ಚೋಮನು ಮತವನ್ನು ಬಿಡಲು ಹೊರಟದ್ದು ನೆಲಕ್ಕಾಗಿ. ಅವನನ್ನು ತಡೆದದ್ದೂ ಆ ನೆಲವನ್ನು ಕಾಯುವ ದೈವವೇ. ಯಾವುದನ್ನು ಪಡೆಯಲು ಹೋಗುತ್ತಿದ್ದನೋ ಅದನ್ನು ಬಿಡದೆ ಹೋಗುವ ದಾರಿಯೇ ಅವನಿಗಿರಲಿಲ್ಲ. ಇದು ಎರಡು ಮತಗಳ ತತ್ತ್ವವಿವಾದವಲ್ಲ. ಪಾದ್ರಿಯ ಬಳಿ ತಲುಪಿದ್ದರೂ ನೆಲವು ಸಿಕ್ಕುತ್ತಿತ್ತೆ ಎಂಬುದು ಇನ್ನೊಂದು ಪ್ರಶ್ನೆ. ಜಾತಿಯಿಂದ ಹೊರಬಿದ್ದು ಕೆಲಸ ಕಳೆದುಕೊಂಡವರಿಗೆ ಜೀವನೋಪಾಯವಾಗಲೆಂದು ಬಾಸೆಲ್ ಮಿಷನ್ನಿನವರು ನೇಯ್ಗೆಯ ಶಾಲೆಗಳನ್ನೂ ಹೆಂಚಿನ ಕಾರ್ಖಾನೆಗಳನ್ನೂ ಇಟ್ಟರು. ಜೆಪ್ಪುವಿನ ಹೆಂಚಿನ ಕಾರ್ಖಾನೆಯು 1865ರಷ್ಟು ಹಳೆಯದು. ಚೋಮನಂಥ ಒಬ್ಬನು ಆ ಕಡೆಗೆ ಹೋಗಿದ್ದರೆ ಅವನ ಕೈಗೆ ನೇಗಿಲಿನ ಬದಲು ಬಹುಶಃ ಹೆಂಚಿನ ಅಚ್ಚು ಸಿಕ್ಕುತ್ತಿತ್ತು.

ಕಾರಂತರ ಮೇಲೆ ಒಂದು ಆಕ್ಷೇಪಣೆಯನ್ನೂ ಇಲ್ಲಿಯೇ ಹೇಳಬೇಕು. ಇದೇ ಜಿಲ್ಲೆಯ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಸ್ಥಾಪಿಸಿದ್ದರು. ಮತವನ್ನು ಬಿಡದೆಯೇ ಓದು, ಕೈಕಸುಬು, ವಸತಿ ದೊರೆಯಬೇಕೆಂಬುದು ಅವರ ಹಂಬಲವಾಗಿತ್ತು. ಇದಕ್ಕಾಗಿ ಸ್ವಜನರಿಂದ ಅವರು ಪಟ್ಟ ಪಾಡು ಪ್ರಸಿದ್ಧವೇ. ಕಾದಂಬರಿಯಲ್ಲಿ ಇಂಥ ಮೂರನೆಯ ದಾರಿಯ ಸುಳಿವೂ ಇಲ್ಲ. ದೂರದ ಹಳ್ಳಿಗೆ ಆ ಸುದ್ದಿ ಮುಟ್ಟಿರಲಿಲ್ಲವೆಂದು ಸಮಾಧಾನ ಹೇಳಬಹುದು. ಆದರೂ ಧಣಿಯ ಬಾಗಿಲು ಮತ್ತು ಪಾದ್ರಿಯ ಬಾಗಿಲು ಎಂಬ ಎರಡನ್ನೇ ತೋರಿಸಿದ್ದರಿಂದ, ಓದುಗನು ಇಡೀ ಪ್ರಶ್ನೆಯನ್ನು ಮತಾಂತರದ ಪ್ರಶ್ನೆಯೆಂದು ತಪ್ಪು ತಿಳಿಯಲು ಕಾದಂಬರಿಯು ಸ್ವಲ್ಪ ಎಡೆಮಾಡಿದೆಯೆನ್ನದೆ ಗತ್ಯಂತರವಿಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಘಟ್ಟದ ಮೇಲಿನದು, ಮೈಸೂರು ಸೀಮೆಯದು. ಅದರ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ಇಲ್ಲಿಯೂ ಪಾದ್ರಿಯಿದ್ದಾನೆ, ಜೀವರತ್ನಯ್ಯ. ಅವನ ಕಡೆಗೆ ಒಲಿಯುವ ಬೆಟ್ಟಳ್ಳಿಯ ದೇವಯ್ಯನು ಹಸಿದವನಲ್ಲ, ಗೌಡರ ಮನೆಯ ಮಗ. ಅವನನ್ನು ಸೆಳೆಯುವುದರಲ್ಲಿ ಮತದ ತತ್ತ್ವಕ್ಕಿಂತ ಪಾದ್ರಿಯ ಬೈಸಿಕಲ್ಲಿಗೆ ಹೆಚ್ಚಿನ ಪಾಲಿದೆ. ಹಳ್ಳಿಯವರ ಬಾಯಲ್ಲಿ 'ಬೀಸೆಕಲ್ಲು' ಆದ ಆ ಯಂತ್ರವು ಹೊಸ ಕಾಲದ ಪ್ರತಿನಿಧಿಯಾಗಿ ಮಲೆನಾಡನ್ನು ಪ್ರವೇಶಿಸುತ್ತದೆ. ಗಮನಿಸತಕ್ಕದ್ದೇನೆಂದರೆ, ದೇವಯ್ಯನ ಮತಾಂತರದ ಪ್ರಶ್ನೆಗೆ ಇಡೀ ನಂಟರಿಷ್ಟರ ವಲಯವು ಎದ್ದು ನಿಲ್ಲುತ್ತದೆ. ಚೋಮನ ಮಗ ಗುರುವನು ಕ್ರೈಸ್ತನಾದಾಗ ಭೋಗನಹಳ್ಳಿಯಲ್ಲಿ ಅವನಪ್ಪನ ಹೊರತು ನೊಂದವರಿಲ್ಲ. ಗೌಡರ ಮನೆಯವನು ಹೋದರೆ ಮತಕ್ಕೆ ಹಾನಿ, ಆಳು ಹೋದರೆ ಕೂಲಿಗೆ ಹಾನಿ ಎಂಬ ಎಣಿಕೆಯು ಎರಡು ಕಾದಂಬರಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೊರಬೀಳುತ್ತದೆ. ಕುವೆಂಪು ಅವರು ಅದೇ ಕಥೆಯಲ್ಲಿ ಗುತ್ತಿ ಮತ್ತು ತಿಮ್ಮಿಯರನ್ನು ದೇವಯ್ಯನಷ್ಟೇ ವಿಸ್ತಾರವಾಗಿ ನಡೆಸಿಕೊಂಡು ಹೋಗಿರುವುದು ಈ ಎಣಿಕೆಗೆ ಅವರು ಕೊಟ್ಟ ಉತ್ತರವೆಂದು ನಾನು ತಿಳಿದಿದ್ದೇನೆ.

ಮೂರನೆಯದು ಕನ್ನಡದಲ್ಲಿ ಹುಟ್ಟಿದ ಕೃತಿಯಲ್ಲ, ಆದರೂ ನಮ್ಮದೇ. ಹಾಸನದಲ್ಲಿ ಜನಿಸಿದ ರಾಜಾರಾಯರು ಇಂಗ್ಲಿಷಿನಲ್ಲಿ ಬರೆದ 'ಕಾಂತಾಪುರ' 1938ರಲ್ಲಿ ಪ್ರಕಟವಾಯಿತು. ಇದನ್ನು ನಾನು ವಿಶೇಷ ಕುತೂಹಲದಿಂದ ಓದಲು ಕಾರಣವುಂಟು. ನನ್ನ ಊರು ಚಿತ್ರದುರ್ಗ ತಾಲ್ಲೂಕಿನ ತುರುವನೂರು. 1939ರಲ್ಲಿ ನಮ್ಮೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹವು ನಡೆಯಿತು. ಸರ್ಕಾರದ ಅಬಕಾರಿ ಆದಾಯದ ಬುಡಕ್ಕೆ ಕೊಡಲಿ ಹಾಕುವುದು ಅದರ ಉದ್ದೇಶ. ಕಾಂತಾಪುರದಲ್ಲಿಯೂ ಹೆಂಡದ ತೋಪಿನ ಮುಂದೆ ಹಳ್ಳಿಯ ಹೆಂಗಸರು ಗಂಡಸರು ಅಡ್ಡ ಕುಳಿತು ಲಾಠಿಯ ಏಟು ತಿನ್ನುತ್ತಾರೆ. ಕಥೆಯು ಅಚ್ಚಾದ ಮರುವರ್ಷವೇ ಅಂಥದೇ ಹೋರಾಟವು ನಮ್ಮ ಕೆರೆಯಂಗಳಕ್ಕೆ ಬಂದಂತಾಯಿತು. ತುರುವನೂರಿನವರು ಆ ಪುಸ್ತಕವನ್ನು ಓದಿದ್ದರೆಂದು ಯಾರೂ ಹೇಳರು. ಎರಡಕ್ಕೂ ಮೂಲ ಒಂದೇ, ಗಾಂಧೀಜಿಯವರ ಪಾನನಿರೋಧದ ಕಾರ್ಯಕ್ರಮ.

ಈ ಹೋಲಿಕೆಯಿಂದಲೇ ಕಾದಂಬರಿಯ ಗುಣದೋಷಗಳೆರಡೂ ನನಗೆ ಸ್ಪಷ್ಟವಾದುವು. ರಾಜಾರಾಯರು ಕಥೆಯನ್ನು ಅಚ್ಚಕ್ಕನೆಂಬ ಮುದುಕಿಯ ಬಾಯಿಂದ ಸ್ಥಳಪುರಾಣದ ಧಾಟಿಯಲ್ಲಿ ಹೇಳಿಸುತ್ತಾರೆ. ಕೆಂಚಮ್ಮನ ಮಹಿಮೆ, ಹರಿಕಥೆ, ಭಜನೆಗಳ ಮಧ್ಯದಿಂದ ಕಾಂಗ್ರೆಸ್ಸು ಹಳ್ಳಿಯನ್ನು ಹೊಗುತ್ತದೆ. ಅಸ್ಪೃಶ್ಯರ ಕೇರಿಗೆ ಹೋದದ್ದಕ್ಕೆ ಮೂರ್ತಿಗೆ ಸ್ವಾಮಿಗಳಿಂದ ಬಹಿಷ್ಕಾರವಾಗುತ್ತದೆ. ಆ ಅವಮಾನದಲ್ಲಿ ಅವನ ತಾಯಿ ಪ್ರಾಣ ಬಿಡುತ್ತಾಳೆ. ಇಲ್ಲಿಯೂ ಸಂಘರ್ಷವು ಮೊದಲು ಮನೆಯೊಳಗೆ, ತಾಯಿಮಕ್ಕಳ ನಡುವೆ. ಸಂಕಪ್ಪಯ್ಯನು ತಾಯಿಗೆ ಸೋತನು. ಮೂರ್ತಿಯು ಗೆದ್ದು ತಾಯಿಯನ್ನು ಕಳೆದುಕೊಂಡನು. ಅವನ ಗೆಲವೂ ಪೂರ್ಣವಾದದ್ದಲ್ಲ. ರಾಚಣ್ಣನ ಮನೆಯಲ್ಲಿ ಹಾಲನ್ನು ಕುಡಿಯುವಾಗ ಅವನ ಕೈ ನಡುಗುತ್ತದೆ. ಹಿಂದಿರುಗಿದ ಮೇಲೆ ರಂಗಮ್ಮನು ಕೊಟ್ಟ ಗಂಗೋದಕವನ್ನು ಅವನು ಬೇಡವೆನ್ನುವುದಿಲ್ಲ. ಗಾಂಧೀವಾದಿಯಾದ ಯುವಕನೊಬ್ಬನ ಒಳಗಿನ ಈ ನಡುಕವನ್ನು ಮರೆಮಾಚದೆ ಬರೆದ ಲೇಖಕನ ಪ್ರಾಮಾಣಿಕತೆಯನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ನಮ್ಮ ಸ್ವಾತಂತ್ರ್ಯ ಹೋರಾಟದ ಚರಿತ್ರೆಗಳಲ್ಲಿ ಆ ಒಂದು ಉದ್ಧರಣೆ ನೀರಿಗೆ ಸ್ಥಳವಿಲ್ಲ.

ದೋಷವು ಪುರಾಣದ ಧಾಟಿಯಿಂದಲೇ ಬಂದದ್ದು. ಪುರಾಣಕ್ಕೆ ರಾಕ್ಷಸನೊಬ್ಬನು ಬೇಕು. ಕೆಂಪು ಮನುಷ್ಯರು ದೂರದಲ್ಲಿದ್ದಾರೆ. ಹಳ್ಳಿಯೊಳಗೆ ಅವರ ಪ್ರತಿನಿಧಿಯಾಗಿ ಬಂದವನು ಪೋಲೀಸಿನ ಬಡೇಖಾನನು. ಊರಿನ ಯಾವ ಬೀದಿಯಲ್ಲಿಯೂ ಅವನಿಗೆ ಮನೆ ದೊರೆಯದೆ, ಕೊನೆಗೆ ಸ್ಕೆಫಿಂಗ್‌ಟನ್ ಕಾಫಿ ತೋಟದಲ್ಲಿ ಗುಡಿಸಲೊಂದು ಸಿಕ್ಕುತ್ತದೆ. ಕಾಂತಾಪುರದಲ್ಲಿ ಎದ್ದು ಕಾಣುವ ಮುಸಲ್ಮಾನನು ಇವನೊಬ್ಬನೇ, ಮತ್ತು ಅವನೇ ಸರ್ಕಾರ. ಅಚ್ಚಕ್ಕನ ದೃಷ್ಟಿಯು ಇದು, ಲೇಖಕನದಲ್ಲವೆಂದು ವಾದಿಸಬಹುದು; ಮೂರ್ತಿಯು ಅವನನ್ನು ದ್ವೇಷಿಸಬೇಡಿರೆಂದು ಹೇಳುತ್ತಾನೆ ಕೂಡ. ಆದರೆ ಆ ದೃಷ್ಟಿಯನ್ನು ತಿದ್ದಬಲ್ಲ ಬೇರೊಬ್ಬ ಮುಸಲ್ಮಾನನನ್ನು ಕಾದಂಬರಿಯು ತರುವುದಿಲ್ಲ. ಆ ಕಾಲದ ಮೈಸೂರಿನಲ್ಲಿ ಇದು ನಿರಪಾಯವಾದ ಸಂಗತಿಯಾಗಿರಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯ ಗಣಪತಿಯ ವಿಷಯದಲ್ಲಿ ಎದ್ದ ಗಲಭೆಯನ್ನು ವಿಚಾರಿಸಲು ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲರು. ಸರ್ಕಾರದ ಮೇಲಿನ ಅಸಮಾಧಾನವು ಅಧಿಕಾರಿಯ ಮತದ ಮೇಲಿನ ಅಸಮಾಧಾನವಾಗಿ ಹೊರಳುವುದಕ್ಕೆ ಎಷ್ಟು ಹೊತ್ತು ಸಾಕೆಂಬುದನ್ನು ಆ ಗಲಭೆಯು ತೋರಿಸಿತ್ತು. ಕಾದಂಬರಿಯು ಅದನ್ನು ಪರೀಕ್ಷಿಸದೆ ಬಳಸಿಕೊಂಡಿದೆ.

ಎರಡನೆಯ ದೋಷವು ಇತಿಹಾಸಕಾರನಿಗೆ ಮಾತ್ರ ಚುಚ್ಚುವಂಥದು. ತುರುವನೂರಿನ ಈಚಲು ಮರದ ಸುಂಕವು ಹೋಗುತ್ತಿದ್ದದ್ದು ಮಹಾರಾಜರ ಬೊಕ್ಕಸಕ್ಕೆ, ಲಂಡನ್ನಿಗಲ್ಲ. 1831ರಿಂದ ಐವತ್ತು ವರ್ಷ ಆಂಗ್ಲ ಕಮಿಷನರರು ಆಳಿದ ಮೈಸೂರು 1881ರಲ್ಲಿ ಅರಸರಿಗೆ ಹಿಂದಿರುಗಿತ್ತು. ಹೆಂಡದಂಗಡಿಯ ಹರಾಜು, ಮರದ ಲೈಸೆನ್ಸು, ಗುತ್ತಿಗೆ ಮೊದಲಾದ ಅಬಕಾರಿಯ ಏರ್ಪಾಡುಗಳು ಮಾತ್ರ ಹಿಂದಿರುಗಿಹೋಗಲಿಲ್ಲ. ಆದ್ದರಿಂದ ನಮ್ಮೂರಿನವರು ಕೊಡಲಿಯೆತ್ತಿದ್ದು ಸ್ವಮತದ ಅರಸರ ಹೆಸರಿನಲ್ಲಿ ನಡೆಯುತ್ತಿದ್ದ ಸರ್ಕಾರದ ವಿರುದ್ಧ. ದಸರೆಯಲ್ಲಿ ಯಾರ ಅಂಬಾರಿಗೆ ಕೈಮುಗಿಯುತ್ತಿದ್ದರೋ ಅವರ ಅಬಕಾರಿಯ ವಿರುದ್ಧ. ಇದು ಕಾಂತಾಪುರದ ಹೋರಾಟಕ್ಕಿಂತ ಮನಸ್ಸಿಗೆ ಹೆಚ್ಚು ಕಷ್ಟವಾದದ್ದು. ರಾಜಾರಾಯರು ತಮ್ಮ ಹಳ್ಳಿಯನ್ನು ಒಂದು ಕಲ್ಪಿತ ಪ್ರಾಂತದಲ್ಲಿ ಇಟ್ಟು, ಕಾರವಾರವನ್ನು ಪಕ್ಕದ ಪಟ್ಟಣವನ್ನಾಗಿ ಮಾಡಿ, ಈ ತೊಡಕನ್ನು ತಪ್ಪಿಸಿಕೊಂಡರು. ಕಥೆಗೆ ಅದರಿಂದ ವೇಗ ಬಂದಿತು. ಸ್ವಂತ ಅರಸನಿದ್ದೂ ಪರಾಧೀನವಾಗಿದ್ದ ಸೀಮೆಯ ಇಕ್ಕಟ್ಟು ಮಾತ್ರ ಬರೆಯದೆ ಉಳಿಯಿತು.

ಬರೆಯದೆ ಉಳಿದದ್ದು ಇನ್ನೊಂದಿದೆ. ಹೆಂಡ ಇಳಿಸುವುದು ಒಂದು ಜನಕ್ಕೆ ಕುಲಕಸುಬಾಗಿತ್ತು. ಮರವನ್ನು ಕಡಿದಾಗ ಸರ್ಕಾರದ ಬೊಕ್ಕಸಕ್ಕಿಂತ ಮೊದಲು ಬರಿದಾದದ್ದು ಮರ ಹತ್ತುವವನ ಗಡಿಗೆ. ಪಾನನಿರೋಧವು ಮೇಲುಜಾತಿಯವರ ಆಚಾರಕ್ಕೆ ಸಹಜವಾಗಿ ಹೊಂದಿಕೊಂಡಿತು. ಹೆಂಡವು ಅನ್ನದ ದಾರಿಯಾಗಿದ್ದವರಿಗೆ ಅದು ಸಂಸ್ಕಾರಗಳ ಘರ್ಷಣೆಯೇ ಸರಿ. ಕಾಂತಾಪುರದಲ್ಲಿ ಹೆಂಡ ಕುಡಿಯುವ ಕೂಲಿಗಳಿದ್ದಾರೆ, ತಡೆಯುವ ಭಕ್ತರಿದ್ದಾರೆ, ಹೊಡೆಯುವ ಪೋಲೀಸರಿದ್ದಾರೆ. ಮರ ಹತ್ತುವವನ ಸಂಕಟಕ್ಕೆ ಅಧ್ಯಾಯವಿಲ್ಲ. ಚೋಮನ ಗಡಂಗಿನಲ್ಲಿಯೂ ಅವನಿಲ್ಲ. ತುರುವನೂರಿನ ಸತ್ಯಾಗ್ರಹವನ್ನು ನೆನೆಯುವಾಗ ನಾವೂ ಕೊಡಲಿಯ ಕಥೆಯನ್ನೇ ಹೇಳುತ್ತೇವೆ. ಆ ವರ್ಷ ನಮ್ಮೂರಿನಲ್ಲಿ ಮರವನ್ನು ನಂಬಿ ಬದುಕಿದ್ದ ಮನೆಗಳು ಮರುವರ್ಷ ಯಾವ ಕೆಲಸಕ್ಕೆ ಹೋದುವು ಎಂಬುದನ್ನು ಈ ವರ್ಷದ ಬೇಸಗೆ ರಜೆಯಲ್ಲಿ, ಅವರ ಮಕ್ಕಳು ಮೊಮ್ಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು ಬರಲು ಆ ಇಬ್ಬರು ವಿದ್ಯಾರ್ಥಿಗಳಿಗೇ ಹೇಳಿದ್ದೇನೆ.